ಇಂಜಿನ್ ಅಂದ್ರೇನು

ಕರೆಂಟು ಹೋದಾಗಲೆಲ್ಲ ಗಿರಣಿಯ ಡೀಸೆಲ್ ಇಂಜಿನ್ ನೋಡಿಕೊಳ್ಳುವ ಮಲ್ಲಯ್ಯ ಅದನ್ನು ಚಾಲೂ ಮಾಡಿ, ಎಲ್ಲರನ್ನೂ ಇಂಜಿನ್ ಕೋಣೆಯಿಂದ ಹೊರಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಈ ವಾರ ಎರಡು ಸಲ ಹತ್ತೇ ನಿಮಿಷಕ್ಕೆ ಬಂದ್ ಮಾಡಿ, ಕಾರಣ ಹೇಳದೆ ಹೊರಗೆ ಬಂದಿದ್ದ. ಮಾನ್ವಿಯ ಆ ಅಕ್ಕಿ ಗಿರಣಿಯ ಮಾಲೀಕ ಶರಣಯ್ಯ ಮಲ್ಲಯ್ಯನ ಮಗಳು ಮೌನೇಶ್ವರಿಯನ್ನು ಕರೆಸಿದರು.

"ದೇವದುರ್ಗದ ಗಿರಣಿಯವರು ನಿಮ್ಮಪ್ಪನ್ನ ಕರೆಯಾಕತ್ತಾರಂತ. ಹೋಗೂ ಮುಂದ ನನ್ನ ಇಂಜಿನ್ ಕೆಡಿಸಾಕತ್ತಾನೇನು? ಇವತ್ತು ನೋಡಿ ಹೇಳು ತಂಗಿ. ಇಲ್ಲಂದ್ರ ನಾಳಿಂದ ಅಂವ ಬರೂದು ಬ್ಯಾಡ."

ಮೌನೇಶ್ವರಿ ಇಲ್ಲವೆನ್ನಲಿಲ್ಲ. ಅನುಮಾನ ಅವಳಿಗೂ ಇತ್ತು.

ರಾಯಚೂರಿಗೆ ಎಂ.ಎ. ಓದಲು ಹೊರಟಾಗ ಅಪ್ಪನೇ ಕೇಳಿದ್ದ: "ಮೂವತ್ತು ವರ್ಷದಿಂದ ಇಂಜಿನ್, ಇಂಜಿನ್ ಅಂತೀನಿ. ಹಂಗಂದ್ರೇನು, ನಿಮ್ಮ ಪುಸ್ತಕದಾಗ ನೋಡು ಯವ್ವಾ." ಓದು ಮುಗಿಸಿ ಬರುವಾಗ ಅವಳು ಉತ್ತರ ತಂದಿದ್ದಳು. ಮೂಲ ಲ್ಯಾಟಿನ್. ಅಲ್ಲಿ ಅದು ಯಂತ್ರವೇ ಅಲ್ಲ, ಹುಟ್ಟಿನೊಡನೆ ಬಂದ ಬುದ್ಧಿ. ಹಳೆಯ ಫ್ರೆಂಚರ ಬಾಯಲ್ಲಿ ಜಾಣತನವಾಯಿತು, ಮೋಸವೂ ಆಯಿತು. ಆಮೇಲೆ ಕೋಟೆಗೆ ಕಲ್ಲೆಸೆಯುವ ಸಾಧನ. ಉಗಿಯ ಕಾಲಕ್ಕೆ ಶಕ್ತಿ ಹುಟ್ಟಿಸುವ ಯಂತ್ರ. ಮೊನ್ನೆ ಊಟದ ಹೊತ್ತಿಗೆ ಇದನ್ನೆಲ್ಲ ಹೇಳುತ್ತ ಹೋದಳು. ಮೋಸ ಎಂದಾಗ ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿದ. ಹ್ಞೂಂ ಎನ್ನಲೂ ಇಲ್ಲ. ಆ ಮೌನವನ್ನೇ ಅವಳು ಎರಡು ದಿನದಿಂದ ಅಗಿಯುತ್ತಿದ್ದಳು.

ಮಧ್ಯಾಹ್ನ ಕರೆಂಟು ಹೋಯಿತು. ಅವಳು ಹಿಂದಿನ ಕಿಟಕಿಯಿಂದ ಇಣುಕಿದಳು. ಅಪ್ಪ ಒಂದು ಕೋಲಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದ. ಮುಖ ಕಿವುಚಿದ. ಇಂಜಿನ್ ಬಂದ್ ಮಾಡಿದ.

"ಯಪ್ಪಾ!"

ಮೂರು ಮಾರು ದೂರದಲ್ಲಿದ್ದವನು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದಳು; ಆಗಲೂ ತಿರುಗಲಿಲ್ಲ. ಅವಳಿಗೆ ಹೊಳೆಯಿತು: ಮೊನ್ನೆ ತಾನು ಹೇಳಿದ್ದರಲ್ಲಿ ಒಂದಕ್ಷರವೂ ಅವನಿಗೆ ಕೇಳಿಸಿರಲಿಲ್ಲ.

ಅವಳು ಸುತ್ತಿ ಬರುವಷ್ಟರಲ್ಲಿ ಅಪ್ಪ ಚಿಲಕ ತೆಗೆದಿದ್ದ; ಬಾಗಿಲ ಎದುರಿಗೇ ಶರಣಯ್ಯ ಇದ್ದರು. "ಏನ್ ನೋಡ್ದಿ ತಂಗಿ?"

ಕಿವುಡನೆಂದರೆ ಕೆಲಸ ಹೋದೀತು. ಸುಮ್ಮನಿದ್ದರೆ ಕೆಲಸದ ಜೊತೆ ಹೆಸರೂ.

"ಅವಗ ಕಿವಿ ಕೇಳಂಗಿಲ್ರಿ. ಇಂಜಿನ್ ಸಪ್ಪಳ ಹಲ್ಲಿನಿಂದ ಹಿಡೀತಾನ."

"ಹಲ್ಲಿನಿಂದ? ಅಪ್ಪ ಮಗಳು ಕೂಡಿ ನನ್ನ ಹುಚ್ಚ ಮಾಡಾಕತ್ತೀರೇನು?"

ಇಬ್ಬರ ಮುಖ ನೋಡಿಯೇ ಗುಟ್ಟು ಬಯಲಾದದ್ದು ಮಲ್ಲಯ್ಯನಿಗೆ ತಿಳಿಯಿತು. ಇಂಜಿನ್ ಚಾಲೂ ಮಾಡಿದ. ಕೋಲನ್ನು ಟವೆಲಿನಲ್ಲಿ ಒರೆಸಿ ಮಾಲೀಕರಿಗೆ ಚಾಚಿದ. ಶರಣಯ್ಯ ಆಚೆ ಈಚೆ ನೋಡಿ, ಆಳುಗಳು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಂದು ತುದಿ ಇಂಜಿನ್ನಿಗೆ ಒತ್ತಿ ಇನ್ನೊಂದನ್ನು ಕಚ್ಚಿದರು. ಹುಬ್ಬು ಮೇಲೇರಿತು.

"ಒಳಗ ಯಾರೋ ಸುತ್ತಿಗಿಲೆ ಬಡದಂಗ ಆಗ್ತದಲ್ಲೋ!"

ಇಂಜಿನ್ ನಿಲ್ಲಿಸಿ ಮಲ್ಲಯ್ಯ ಬೇಕಾದ್ದಕ್ಕಿಂತ ಜೋರಾಗಿ ಹೇಳಿದ: "ಬೇರಿಂಗ್ ಸವದಾವ್ರಿ ಸಾವ್ಕಾರ್ರ. ಹಂಗ ಓಡಿಸಿದ್ರ ಇಂಜಿನ್ ಹೋಗ್ತದಂತ ಬಂದ್ ಮಾಡ್ತಿದ್ದೆ. ಹೇಳಿದ್ರ ನೀವು ನಾಕು ಮಾತು ಕೇಳ್ತೀರಿ. ನನಗ ಕೇಳಂಗಿಲ್ಲ ಅನ್ನೂದು ಗೊತ್ತಾಗ್ತದಂತ ಸುಮ್ಮನಿದ್ದೆ."

"ಬಿಚ್ಚು. ನನ್ನ ಮುಂದ ಬಿಚ್ಚು."

ಶರಣಯ್ಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಸಂಜೆಗೆ ಸವೆದ ಬೇರಿಂಗ್ ಅವರ ಅಂಗೈಯಲ್ಲಿತ್ತು. ಹೊರಳಿಸಿ, ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿದರು.

"ಹೊಸಾದು ರಾಯಚೂರಿನಿಂದ ನಾನ ತರ್ತೀನಿ," ಎಂದರು, ಮೌನೇಶ್ವರಿಯ ಕಡೆಗೆ ತಿರುಗಿ. "ಕೆಲಸ ಇರ್ತದಂತ ಅವಗ ಬರದು ತೋರ್ಸು. ಆದ್ರ ಆ ಚಿಲಕ ಈಗ ಕೀಳಸ್ತೀನಿ."