ನಾಲ್ಕು ನಿಂಬೆಹಣ್ಣಿನ ಗುರುತು

"ಅಗದೀ ಕಲ್ಲಿನಂಗ ಕಾಣಬೇಕ ನೋಡು, ಆದ್ರ ಕಲ್ಲು ಆಗಿರಬಾರ್ದು," ಎಂದು ಹತ್ತಿ ವ್ಯಾಪಾರಿ ಉಳವಪ್ಪ ಮೂರನೆಯ ಸಲ ಹೇಳಿದ. ಗದಗಿನ ಸುತ್ತ ಅಸಲಿ ಕಲ್ಲಿಗೇನು ಬರವೇ? ಆದರೆ ಈ ಮಹಾಶಯನಿಗೆ ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೂ ಸಿಮೆಂಟೇ ಕಲ್ಲಿನ ವೇಷ ಹಾಕಿಕೊಂಡು ಮಲಗಬೇಕಿತ್ತು. ಎದುರುಮನೆಯವರದು ಬರೀ ಶಹಾಬಾದಿ ಕಲ್ಲು. ಅಷ್ಟೇ ಕಾರಣ.

ಗೌಂಡಿ ಯಮನೂರಸಾಬ, "ಆತ್ರೀ ಸಾವಕಾರ್ರ," ಎಂದು, ಹಸಿ ಸಿಮೆಂಟಿಗೆ ಒತ್ತಿದರೆ ಕಲ್ಲಿನ ಗೆರೆ ಮೂಡಿಸುವ ರಬ್ಬರಿನ ಅಚ್ಚು ಕೈಗೆತ್ತಿಕೊಂಡ. ಮೂವತ್ತು ವರ್ಷ ಊರವರ ಗೋಡೆಗೆ ಗಿಲಾವು ಮಾಡಿ, ಗಟಾರು ಕಟ್ಟಿ ಬೇಸತ್ತಿದ್ದ ಮನುಷ್ಯ. ಈ ಅಚ್ಚಿನ ಕೆಲಸವನ್ನು ಹುಬ್ಬಳ್ಳಿಯಲ್ಲಿ ತನಗಿಂತ ಚಿಕ್ಕವರ ಕೈಕೆಳಗೆ ದುಡಿದು ಕಲಿತು ಬಂದಿದ್ದ. ಸ್ವಂತಕ್ಕೆ ಮಾಡುತ್ತಿರುವುದು ಇದೇ ಮೊದಲು. ಮುಂಡರಗಿಯಲ್ಲಿ ಕಲ್ಯಾಣಮಂಟಪ ಕಟ್ಟಿಸುತ್ತಿದ್ದ ಹೊಳೆಯಪ್ಪ, ರವಿವಾರ ಬಂದು ಇದನ್ನು ನೋಡುವವನಿದ್ದ. ಮನಸ್ಸಿಗೆ ಬಂದರೆ ಮಂಟಪದ ಇಡೀ ಅಂಗಳ ಯಮನೂರಸಾಬನದು. ಇಲ್ಲದಿದ್ದರೆ ಮತ್ತೆ ಗಟಾರು.

ಹಳೆಯ ಕಾಂಕ್ರೀಟು ಬಿರುಕು ಬಿಟ್ಟು ಪಾಪಡಿಯಂತೆ ಏಳುತ್ತಿತ್ತು. ಅದರ ಮೇಲೆಯೇ ತೆಳ್ಳಗೆ ಬಳಿದುಬಿಡು ಎಂದಿದ್ದ ಉಳವಪ್ಪ. ಯಮನೂರಸಾಬ ಒಪ್ಪದೆ ಎಲ್ಲವನ್ನೂ ಒಡೆದು ತೆಗೆದಿದ್ದ. ಆ ಶುಕ್ರವಾರ ಬೆಳಿಗ್ಗೆ ಹೊಸದು ಹಾಕಿ, ಬಣ್ಣದ ಪುಡಿ ಉದುರಿಸಿ, ಮಧ್ಯಾಹ್ನದ ಹೊತ್ತಿಗೆ ಅಚ್ಚು ಒತ್ತಿ ಮುಗಿಸಿದ. ಖರೇ ಹೇಳಬೇಕೆಂದರೆ ಚೆಂದವೇ ಆಗಿತ್ತು. ಗೇಟಿಗೆ ಹಗ್ಗ ಕಟ್ಟಿ, ಅದಕ್ಕೊಂದು ಕೆಂಪು ಅರಿವೆ ನೇತುಹಾಕಿ, "ಏಳು ದಿನ ಗಾಡಿ ಒಳಗ ತರಬ್ಯಾಡ್ರೀ," ಎಂದು ಕೈಮುಗಿದ.

ಸಂಜೆ ನಾಲ್ಕೂವರೆಗೆ ಉಳವಪ್ಪನ ಹೊಸ ಕಾರು ಬಂತು. ಯಮನೂರಸಾಬ ಇನ್ನೂ ನಳದ ಕೆಳಗೆ ಕರಣಿ ತೊಳೆಯುತ್ತಿದ್ದ. ಗೋಧೂಳಿಯೊಳಗೆ ಪೂಜೆ ಆಗಬೇಕೆಂದು ಯಾರೋ ಹೇಳಿದ್ದರಂತೆ.

"ರಸ್ತಾದಾಗ ನಿಂದರ್ಸೇ ಪೂಜಿ ಮಾಡೂಣಲ್ರೀ," ಎಂದಳು ಉಳವಪ್ಪನ ಹೆಂಡತಿ ಸಾವಂತ್ರೆವ್ವ.

"ರಸ್ತಾದಾಗ ಪೂಜಿ ಮಾಡಾಕ ಇದೇನ ಬಾಡಿಗಿ ಗಾಡಿ ಏನ? ಮನಿ ಅಂಗಳದಾಗ ಆಗಬೇಕು. ಮಂದಿ ನೋಡಬೇಕು."

ಯಮನೂರಸಾಬ ಒದ್ದೆ ಕೈಯಲ್ಲೇ ಓಡಿಬಂದು ಹಗ್ಗಕ್ಕೆ ಅಡ್ಡ ನಿಂತ. "ಇನ್ನೂ ಹಸೀ ಐತ್ರೀ ಸಾವಕಾರ್ರ! ನನ್ನ ಕೆಲಸ ಹಾಳಾಗ್ತೈತ್ರೀ!"

"ಸರಿಯೋ ಸಾಬ. ಮುಹೂರ್ತ ನಿನ್ನ ಸಿಮೆಂಟು ಒಣಗೂತನಕ ಕುಂಡ್ರತೈತೇನು?" ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯನನ್ನು ಹೀಗೆ ಮಾತಾಡಿಸುವ ಬಾಯಿ ಅದು. ಉಳವಪ್ಪನೇ ಹಗ್ಗ ಬಿಚ್ಚಿದ. ಕಾರು ಒಳಗೆ ನುಗ್ಗಿತು. ಗಾಲಿಗಳು ಎರಡು ಉದ್ದನೆಯ ಗೆರೆ ಎಳೆದದ್ದನ್ನು ನೆರೆದವರೆಲ್ಲ ಕಂಡರು, ಉಳವಪ್ಪನೊಬ್ಬ ಕಾಣಲಿಲ್ಲ. ಅವನು ಫೋಟೋಕ್ಕೆ ಹಲ್ಲು ಕಿಸಿಯುತ್ತಿದ್ದ. ಕಾಯಿ ಒಡೆದರು, ಆರತಿ ಬೆಳಗಿದರು. ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು ಕಾರು ಹಾಯಿಸಿದರು. ಹಣ್ಣು ಪಚಕ್ಕೆಂದು ಒಡೆದು ಒಳಗಿಳಿದವು. ಯಮನೂರಸಾಬ ಗೋಡೆಗೆ ಆತು ಕೂತುಬಿಟ್ಟ. ಅಳು ಬಂದರೂ ಅತ್ತು ತೋರಿಸಲಿಲ್ಲ.

ಮರುದಿನ ಬೆಳಿಗ್ಗೆ ತಗ್ಗು ಕಂಡು ಉಳವಪ್ಪನ ಕಣ್ಣು ತೆರೆಯಿತು. ತೆರೆದ ಕಣ್ಣೂ ಕುರುಡೇ. "ಸಿಮೆಂಟು ನುಂಗ್ಯಾನ ಸಾಬ! ಅದಕ್ಕ ಹಿಂಗ ಕುಸದೈತಿ," ಎಂದು ಓಣಿಯ ತುಂಬ ಸಾರಿದ. ಗೇಟಿನೊಳಗೆ ಕಾಲಿಡಬೇಡ ಎಂದು ಫೋನಿನಲ್ಲೇ ಬೈದ. ಇಂಥವರ ನಾಲಿಗೆಗೆ ನಾಚಿಕೆ ಎಲ್ಲಿಂದ ಬರಬೇಕು?

ರವಿವಾರ ಹೊಳೆಯಪ್ಪ ಬಂದ. ಉಳವಪ್ಪ ಅವನನ್ನು ಕರೆದುಕೊಂಡು ಹೋಗಿ ಒಂದೊಂದೇ ತಗ್ಗು ತೋರಿಸಿದ. "ನೋಡ್ರಿ, ಎಂಥಾ ಕಳ್ಳ ಗೌಂಡಿ. ನೀವರ ಹುಷಾರಾಗಿರ್ರಿ."

ಹೊಳೆಯಪ್ಪ ಕುಕ್ಕರಗಾಲಿನಲ್ಲಿ ಕೂತ. ಗಾಲಿಯ ಗೆರೆಯೊಳಗೊಂದು ಸಣ್ಣ ಕುಳಿ. ಅದರಾಚೆ ಇನ್ನೊಂದು. ಹಿಂದೆ ಅಂಥವೇ ಎರಡು. ಕುಳಿಯೊಳಗೆ ಉಗುರು ಹಾಕಿ ಕೆದರಿದ. ಒಣಗಿದ ಸಿಪ್ಪೆಯ ಜೊತೆ ಒಂದು ನಿಂಬೆಬೀಜ ಬಂತು. ತಲೆಯೆತ್ತಿ, ಬಾಡಿದ ಮಾಲೆ ಹೊತ್ತು ನಿಂತಿದ್ದ ಕಾರನ್ನು ನೋಡಿದ.

ಸಾವಂತ್ರೆವ್ವ ಚಹಾ ತಂದಳು.

"ಅಕ್ಕಾರ, ಆ ಗೌಂಡಿ ಎಲ್ಲಿ ಸಿಗ್ತಾನ್ರೀ?"

"ಗೇಟಿನ ಹೊರಗ ನಿಂತಾನ್ರೀ, ಮುಂಜಾನಿಂದ," ಎಂದಳು ಆಕೆ, ಗಂಡನ ಮುಖ ನೋಡದೆ. "ಒಳಗ ಬರಬ್ಯಾಡ ಅಂದಾರಿವ್ರು."

ಹೊಳೆಯಪ್ಪ ಚಹಾ ಮುಟ್ಟದೆ ಹೊರಗೆ ನಡೆದ. ಯಮನೂರಸಾಬನ ಕೈ ಹಿಡಿದು, ಅಂಗೈಯಲ್ಲಿ ಬೀಜ ಇಟ್ಟ. "ಮುಂಡರಗಿಗೆ ಯಾವಾಗ ಬರ್ತೀ ಹೇಳು. ಏಳು ದಿನ ಮಂಟಪದ ಗೇಟಿಗೆ ಕೀಲಿ ಹಾಕಸ್ತೀನಿ. ಕೀಲಿಕೈ ನಿನ್ನ ಹತ್ರನ ಇರ್ಲಿ."

"ಚಾ ಆರಿ ಹೋಗ್ತೈತ್ರೀ ಹೊಳೆಯಪ್ಪನವರ!" ಎಂದು ಉಳವಪ್ಪ ಒಳಗಿಂದ ಕೂಗಿದ. ಯಾರೂ ತಿರುಗಲಿಲ್ಲ. ಅವನು ಚಪ್ಪಲಿಯ ತುದಿಯಿಂದ ಆ ಸಣ್ಣ ಕುಳಿಗೆ ಮಣ್ಣು ತಳ್ಳತೊಡಗಿದ.