ಮುಖವಿಲ್ಲದ ಫೋಟೋಗಳು

ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಹಣೆಗೆ ಅಶ್ವಿನಿ ವಿಭೂತಿ ಎಳೆಯುತ್ತಿದ್ದಾಗ ಅವ್ವನ ಫೋನು ಮತ್ತೆ ಟಿಣ್ ಅಂದಿತು. ಬೆಳಗಿನಿಂದ ಅದಕ್ಕೆ ಪುರುಸೊತ್ತಿಲ್ಲ. ‘ನಾಗಲದಿನ್ನೆ ಆರೋಗ್ಯ’ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಇನ್ನೂರು ದಾಟಿದ್ದವು. ಅಂಗಳದಲ್ಲಿ ಮೂವತ್ತು ಜನ ಇರಲಿಲ್ಲ. ಫೋನಿನಲ್ಲಿ ಕೈಮುಗಿದರೆ ಕಾಲು ನೋಯುವುದಿಲ್ಲವಲ್ಲ.

ಮಹಾಂತಮ್ಮ ಇಪ್ಪತ್ತಾರು ವರ್ಷ ಈ ಊರಿನ ನರ್ಸಮ್ಮ. ಕಿಡ್ನಿ ಕೈಕೊಟ್ಟು ನಿನ್ನೆ ಆದೋನಿಯಲ್ಲಿ ತೀರಿಕೊಂಡಿದ್ದಳು. ಹೋಗುವ ಮುಂಚೆ ಮಗಳನ್ನು ಕೇಳಿಕೊಂಡದ್ದು ಒಂದೇ: ಕುರಿ ಕಾಯುವ ಜಂಬಪ್ಪ ಬಂದು ತನ್ನ ಕುಣಿಗೆ ಒಂದು ಹಿಡಿ ಮಣ್ಣು ಹಾಕಬೇಕು.

ಅಶ್ವಿನಿ ನಸುಕಿನಲ್ಲೇ ಅವನ ಮನೆಗೆ ಹೇಳಿ ಕಳಿಸಿದ್ದಳು. ಅವನು ಕುರಿ ಹೊಡೆದುಕೊಂಡು ಹೊಳೆ ಕಡೆ ಹೋಗಿದ್ದಾನೆಂದು ಹೆಂಡತಿ ಉಚ್ಚಮ್ಮ ಹೇಳಿ ಬಾಗಿಲು ಮುಂದೆ ಮಾಡಿದಳಂತೆ.

“ಅವ ಬರಾಂಗಿಲ್ಲ ಬಿಡವ್ವ,” ಎಂದಳು ಅವ್ವನ ಜೊತೆ ಮನೆಮನೆ ತಿರುಗುತ್ತಿದ್ದ ಆಶಾ ಕಾರ್ಯಕರ್ತೆ ಮಾರೆಮ್ಮ. “ನಾಕು ವರ್ಷ ಆತು, ನಿಮ್ಮವ್ವನ ಕೂಡ ಒಂದು ಮಾತಾಡಿಲ್ಲ.”

*

ನಾಲ್ಕು ವರ್ಷದ ಹಿಂದೆ ಜಂಬಪ್ಪನಿಗೆ ಟಿಬಿ ಆಗಿತ್ತು. ಮಹಾಂತಮ್ಮ ದಿನಾ ಹೋಗಿ ಕಣ್ಣೆದುರೇ ಮಾತ್ರೆ ನುಂಗಿಸಬೇಕು, ನುಂಗುವಾಗಿನ ಫೋಟೋವನ್ನು ಮೇಲಿನವರ ಗುಂಪಿಗೆ ಹಾಕಬೇಕು. ಫೋಟೋ ಇಲ್ಲದಿದ್ದರೆ ಕೆಲಸವೇ ಆಗಿಲ್ಲ ಎಂದರ್ಥ. ಪೋಲಿಯೋ ಹನಿ ಹಾಕುವ ಗಡಿಬಿಡಿಯ ಒಂದು ಭಾನುವಾರ, ಜಂಬಪ್ಪ ಬಾಯಿ ತೆರೆದು ನಿಂತ ಫೋಟೋ, ‘ಟಿಬಿ, ಎರಡನೇ ತಿಂಗಳು’ ಎಂಬ ಬರಹದ ಸಮೇತ, ಊರಿನ ಗುಂಪಿಗೆ ಹೋಗಿಬಿಟ್ಟಿತು.

ಕಂಡ ಕೂಡಲೇ ಮಹಾಂತಮ್ಮ ಅದನ್ನು ಅಳಿಸಿದಳು. ತನ್ನ ಫೋನಿನಲ್ಲಿ ಮಾಯವಾಯಿತು, ಉಸಿರು ಬಿಟ್ಟಳು. ಅಳಿಸಿದ್ದು ತನ್ನೊಬ್ಬಳಿಗೆ ಮಾತ್ರ, ಉಳಿದವರ ಫೋನುಗಳಲ್ಲಿ ಅದು ಹಾಗೇ ಕೂತಿದೆ ಎಂದು ತಿಳಿಯಲು ಮೂರು ದಿನ ಬೇಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಸಾಲಿಗೆ ಫೋಟೋವನ್ನೂ ಸೇರಿಸಬೇಕಾದ ಕಾಲ ಇದು.

ಅಷ್ಟರಲ್ಲಿ ಚಹದಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ, ಜಂಬಪ್ಪನಿಗೊಬ್ಬನಿಗೆ ಕಾಗದದ್ದು. ಅವನ ಮಗಳು ಹಾರಿಕಾಳನ್ನು ನೋಡಲು ನಂದವರಂನಿಂದ ಬರಬೇಕಿದ್ದ ಗಂಡಿನವರು ಬರಲಿಲ್ಲ. ಮಹಾಂತಮ್ಮ ಅವನ ಮನೆಗೆ ಹೋಗಿ ತಪ್ಪಾಯಿತೆಂದು ಕೈ ಹಿಡಿದುಕೊಂಡಳು.

“ಕೆಮ್ಮಿಗೆ ಗುಳಿಗಿ ಕೊಡ್ತಿ, ನರ್ಸಮ್ಮ,” ಅಂದ ಜಂಬಪ್ಪ. “ಹೋದ ಮಾನಕ್ಕ ಏನ್ ಕೊಡ್ತಿ?”

ಅದೇ ಕೊನೆಯ ಮಾತು. ಮರುದಿನದಿಂದ ಬಾಗಿಲ ಸಂದಿಯಲ್ಲಿ ಅವನ ಕೈ ಹೊರಗೆ ಬರುತ್ತಿತ್ತು, ಅವಳು ಮಾತ್ರೆ ಇಡುತ್ತಿದ್ದಳು. ಎದುರೇ ನುಂಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನಾಲ್ಕು ತಿಂಗಳಲ್ಲಿ ರೋಗ ವಾಸಿಯಾಯಿತು. ಮಹಾಂತಮ್ಮನ ಸಂಕಟ ವಾಸಿಯಾಗಲಿಲ್ಲ.

*

ಕುಣಿಯ ಹತ್ತಿರ ಮಲ್ಲಯ್ಯಸ್ವಾಮಿಗಳು ಅವ್ವನ ಎಡ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಸುತ್ತಿದ್ದರು. ಆಗ ಅಶ್ವಿನಿಗೆ ದೂರದ ಜಾಲಿಗಿಡದ ಕೆಳಗೆ ಕಂಬಳಿ ಹೊದ್ದ ಜಂಬಪ್ಪ ಕಂಡ. ಅವಳು ಹತ್ತಿರ ಹೋದಳು.

ಮಣ್ಣು ಹಾಕಲು ಬಂದವನಲ್ಲ, ಕುರಿ ಹಿಂದೆ ಹೊರಟವನು ಸುಮ್ಮನೆ ನಿಂತೆ ಅಂದ. ಅವನ ಕುರಿಗಳು ಎಲ್ಲೂ ಕಾಣಲಿಲ್ಲ.

ಅಶ್ವಿನಿ ಅವ್ವನ ಫೋನು ತೆರೆದು ಅವನ ಮುಂದೆ ಹಿಡಿದಳು. ಮೇಲಿನವರ ಗುಂಪಿಗೆ ಹಾಕಿದ್ದ ನಾಲ್ಕು ವರ್ಷದ ಫೋಟೋಗಳು: ಮಾತ್ರೆ ಇರುವ ಅಂಗೈಗಳು, ಸೂಜಿ ಚುಚ್ಚಿಸಿಕೊಂಡ ತೋಳುಗಳು, ಕೂಸುಗಳ ಪಾದಗಳು. ಒಂದರಲ್ಲೂ ಮುಖವಿಲ್ಲ. ನಡುನಡುವೆ, ಮುಖ ಕಾಣಲೇಬೇಕೆಂದು ಮೇಲ್ವಿಚಾರಕ ಉದಯಕುಮಾರ್ ತೆಲುಗಿನಲ್ಲಿ ಗದರಿದ ಸಂದೇಶಗಳು.

“ನಿಮ್ದು ಆದಮ್ಯಾಲೆ ಅವ್ವ ಯಾರ ಮಾರಿನೂ ತೆಗೀಲಿಲ್ಲರಿ. ಅದಕ್ಕ ಎರಡು ಸಲ ಮೆಮೊ ಕೊಟ್ರು. ಆದ್ರೂ ತೆಗೀಲಿಲ್ಲ.”

ಅಂಗೈಗಳಲ್ಲಿ ಮೊದಲನೆಯದರ ಮೇಲೆ ಉಣ್ಣೆ ಕತ್ತರಿಸುವಾಗ ಆದ ಗಾಯದ ಉದ್ದ ಗೆರೆಯಿತ್ತು. ಜಂಬಪ್ಪ ಫೋಟೋ ನೋಡಿದ, ತನ್ನ ಬಲಗೈ ತಿರುಗಿಸಿ ನೋಡಿಕೊಂಡ.

ಅಷ್ಟರಲ್ಲಿ ಉದಯಕುಮಾರ್ ಜೀಪಿನಿಂದ ಇಳಿದು, ಅವ್ವನಿಗೆ ದೊಡ್ಡ ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಬಂದು ಫೋನು ಎತ್ತಿದ. ಅವನೇನು ಕೆಟ್ಟವನಲ್ಲ, ರೂಢಿಬಿದ್ದವನು.

“ಕೊಂಚೆಂ ಪಕ್ಕಕು ಜರಗಂಡಿ,” ಎಂದು ಅಡ್ಡ ನಿಂತವರಿಗೆ ಕೈಬೀಸಿದ. “ಅಮ್ಮಾರ ಮುಖ ಕಾಣ್ಲಿ. ಗ್ರೂಪಿಗೆ ಹಾಕ್ಬೇಕು.”

ಜನ ಸರಿದರು. ಕಾಯಿಲೆ ಕಿತ್ತು ತಿಂದ ಅವ್ವನ ಮುಖ ಬಿಸಿಲಿಗೆ ಬಯಲಾಯಿತು. ಅಶ್ವಿನಿಗೆ ಬೇಡ ಅನ್ನಬೇಕೆನಿಸಿತು.

ಜಾಲಿಗಿಡದಿಂದ ಜಂಬಪ್ಪ ದಾಪುಗಾಲು ಹಾಕುತ್ತ ಬಂದ. ಹೆಗಲ ಮೇಲಿನ ಕಂಬಳಿ ಎಳೆದು, ಎರಡೂ ಕೈ ಚಾಚಿ, ಫೋನಿಗೂ ಮಹಾಂತಮ್ಮನಿಗೂ ನಡುವೆ ಹಿಡಿದು ನಿಂತ.

“ಆಕಿನ್ನ ಕೇಳೀರೇನ್ರಿ, ಸಾರು?”

ಉದಯಕುಮಾರ್ ಫೋನು ಇಳಿಸಿದ. ಕಂಬಳಿ ಇಳಿಯಲಿಲ್ಲ. ಅದರ ಮರೆಯಲ್ಲೇ ಮಹಾಂತಮ್ಮನನ್ನು ಕುಣಿಯಲ್ಲಿ ಕೂರಿಸಿದರು. ಅಶ್ವಿನಿ ಬಂದು ಕಂಬಳಿಯ ಒಂದು ತುದಿ ಹಿಡಿದುಕೊಂಡಳು. ಜಂಬಪ್ಪನ ಬಲಗೈ ಬಿಡುವಾಯಿತು. ಎಡಗೈ ಮೇಲೆತ್ತಿಕೊಂಡೇ ಬಗ್ಗಿ, ಆ ಗಾಯದ ಗೆರೆ ಮುಚ್ಚಿಹೋಗುವಷ್ಟು ಮಣ್ಣು ಅಂಗೈಯಲ್ಲಿ ತುಂಬಿಕೊಂಡ.