ತಲೆಕೆಳಗು ಮಾಡಿ ಗುಣಿಸೋದು ಯಾಕೆ?

ಗಣಿತದ ಪರೀಕ್ಷೆ ಇರುವ ದಿನ ಬೆಳಗ್ಗೆ ನಮ್ಮ ಬೀದಿಗೆ ಬಂದು ನೋಡಬೇಕು ನೀವು! ಒಂದು ಮನೆಯಲ್ಲಿ ಹೊಟ್ಟೆನೋವು, ಇನ್ನೊಂದರಲ್ಲಿ ತಲೆನೋವು. ಮೂಲೆಮನೆಯ ಹುಡುಗನಿಗೆ ಕಾಲುನೋವು. ಆದರೆ ಯಾವ ಕಾಲು ಎಂಬುದು ಅವನಿಗೇ ನೆನಪಿರುವುದಿಲ್ಲ, ಒಮ್ಮೆ ಎಡಗಾಲು ಕುಂಟುತ್ತಾನೆ, ಒಮ್ಮೆ ಬಲಗಾಲು. ಬೇರೆ ಯಾವ ಪಾಠಕ್ಕೂ ಬಾರದ ಈ ರೋಗ ಗಣಿತಕ್ಕೆ ಮಾತ್ರ ಯಾಕೆ ಬರುತ್ತದೆ? ಮಕ್ಕಳ ತಲೆಗೆ ಹತ್ತುವುದಿಲ್ಲ, ಅಷ್ಟೇ ಎಂದು ನಾವೆಲ್ಲ ಸುಮ್ಮನಾಗಿಬಿಟ್ಟಿದ್ದೆವು.

ನಮ್ಮ ಪಕ್ಕದ ಮನೆಯ ಬಸ್ ಡ್ರೈವರ್ ಮಾತ್ರ ಎದೆಯುಬ್ಬಿಸಿ ಓಡಾಡುತ್ತಿದ್ದರು. ಅವರ ಮಗಳಿಗೆ ಗಣಿತದಲ್ಲಿ ನೂರಕ್ಕೆ ನೂರು. ಇಪ್ಪತ್ತರವರೆಗಿನ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಅಪ್ಪ ಅವಳಿಗಿಟ್ಟ ಹೆಸರು ಮಗ್ಗಿರಾಣಿ. ಬಸ್ ಹತ್ತಿದವರಿಗೆ ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಮಗ್ಗಿರಾಣಿಯ ಅಂಕಗಳೆಲ್ಲ ಗೊತ್ತಾಗಿರುತ್ತಿದ್ದವು. ಆದರೆ ಪರೀಕ್ಷೆಯ ಬೆಳಗ್ಗೆ ಈ ರಾಣಿ ತಟ್ಟೆಯಲ್ಲಿದ್ದ ತಿಂಡಿ ಮುಟ್ಟುತ್ತಿರಲಿಲ್ಲ. ಬಲವಂತಕ್ಕೆ ತಿಂದರೆ ಬಚ್ಚಲಿಗೆ ಓಡಿ ವಾಂತಿ. ಅದನ್ನು ನೋಡುತ್ತಿದ್ದವರು ಅವಳ ಅಮ್ಮ ಒಬ್ಬರೇ.

ಈ ವರ್ಷ ಶಾಲೆಗೆ ಹೊಸ ಗಣಿತ ಟೀಚರ್ ಬಂದರು. ಬಂದ ಮೊದಲ ಪರೀಕ್ಷೆಯಲ್ಲೇ ಮಗ್ಗಿರಾಣಿಯ ಅಂಕ ಐವತ್ತೆಂಟಕ್ಕೆ ಇಳಿಯಿತು. ಡ್ರೈವರ್ ಮುಖ ಗಂಟಾಯಿತು. ಅದಾಗಿ ಎರಡೇ ದಿನಕ್ಕೆ ಒಂದು ಸಂಜೆ ರಂಪ ನಡೆಯಿತು. ನಮಗೂ ಅವರಿಗೂ ನಡುವೆ ಇರುವುದು ಒಂದೇ ತೆಳ್ಳನೆಯ ಗೋಡೆ. ಕಿವಿ ಮುಚ್ಚಿಕೊಂಡರೂ ಎಲ್ಲ ಕೇಳಿಸುತ್ತದೆ. ನಾನಂತೂ ಮುಚ್ಚಿಕೊಳ್ಳುವುದಿಲ್ಲ.

ಮಗ್ಗಿರಾಣಿ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದಳು.

"ಅಪ್ಪಾ, ಅಪ್ಪಾ! ಇವತ್ತು ಕ್ಲಾಸಲ್ಲಿ ಏನಾಯ್ತು ಗೊತ್ತಾ? ಟೀಚರ್ ಒಂದು ಲೆಕ್ಕ ಕೊಟ್ರು. ಒಂದು ಬಸ್ಸಲ್ಲಿ ಮೂವತ್ತೆಂಟು ಸೀಟು, ಐದು ಗೇರು. ಡ್ರೈವರ್ ವಯಸ್ಸೆಷ್ಟು?"

"ಇದೆಂಥಾ ಲೆಕ್ಕ? ತಲೆಬುಡ ಇಲ್ಲ. ನೀನೇನಂದೆ?"

"ನಲವತ್ಮೂರು!"

"ಲೇ, ನಿಮ್ಮಪ್ಪನೇ ಡ್ರೈವರ್! ನನಗೆ ಐವತ್ತೊಂದು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು! ಆದ್ರೂ ಅಂದ್ಬಿಟ್ಟೆ!" ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಗುಣಿಸಿದ್ರೆ ನೂರತೊಂಬತ್ತು ಬಂತು, ಜಾಸ್ತಿಯಾಯ್ತು. ಭಾಗಿಸಿದ್ರೆ ಶೇಷ ಉಳೀತು. ಅದಕ್ಕೇ ಕೂಡಿಸ್ದೆ. ನನ್ನ ಫ್ರೆಂಡ್ ನೂರತೊಂಬತ್ತನ್ನೇ ಬರೆದಿದ್ಲು!"

"ನೂರತೊಂಬತ್ತು ವರ್ಷದವನಿಗೆ ಲೈಸೆನ್ಸ್ ಯಾರು ಕೊಡ್ತಾರೆ? ಗೊತ್ತಾಗಲ್ಲ ಅಂತ ಹೇಳೋಕೆ ಏನಾಗಿತ್ತು ನಿಮಗೆ?"

"ಗೊತ್ತಾಗಲ್ಲ ಅಂದ್ರೆ ಮಾರ್ಕ್ಸ್ ಹೋಗುತ್ತಲ್ಲಪ್ಪ. ಟೀಚರೂ ಅದನ್ನೇ ಕೇಳಿದ್ರು. ಲೆಕ್ಕ ಮಾಡೋಕೆ ಮುಂಚೆ ಅದು ಏನು ಕೇಳ್ತಿದೆ ಅಂತ ಯಾರಾದ್ರೂ ಯೋಚಿಸಿದ್ರಾ ಅಂತ. ಒಬ್ರೂ ಯೋಚಿಸಿರ್ಲಿಲ್ಲ! ಎಲ್ರೂ ಎಷ್ಟು ನಕ್ವಿ ಗೊತ್ತಾ?"

ಅಮ್ಮ ಅಡುಗೆಮನೆಯಿಂದಲೇ ಹೇಳಿದರು, "ಎಂಟು ವರ್ಷ ಕಡಿಮೆ ಮಾಡಿದ್ದಾಳೆ, ಖುಷಿಪಡಿ."

ಡ್ರೈವರ್ ಖುಷಿಪಡಲಿಲ್ಲ. ಅವರಿಗೆ ಕೋಪ ಮೂಗಿನ ಮೇಲೇ ಇರುತ್ತದೆ. "ಓದೋ ಮಕ್ಕಳನ್ನ ಪೆದ್ದರನ್ನಾಗಿ ಮಾಡ್ತಿದ್ದಾರೆ. ನೂರು ಬರ್ತಿದ್ದ ಕಡೆ ಐವತ್ತೆಂಟು! ನಾಳೆ ಪೋಷಕರ ಸಭೆ ಇದೆಯಲ್ಲ, ಮೊದಲು ನಾನೇ ಎದ್ದು ನಿಲ್ತೀನಿ. ಈ ಟೀಚರನ್ನ ಗಣಿತದಿಂದ ತೆಗೀರಿ ಅಂತೀನಿ. ಉಳಿದವರೂ ನನ್ನ ಜೊತೆಗಿದ್ದಾರೆ."

ನಗು ಟಕ್ಕಂತ ನಿಂತಿತು. "ಬೇಡ ಅಪ್ಪಾ," ಎಂದಳು ಹುಡುಗಿ. "ದಯವಿಟ್ಟು ಬೇಡ. ನನಗೆ ಈಗಷ್ಟೇ ಗಣಿತ ಇಷ್ಟ ಆಗ್ತಾ ಇದೆ."

"ಇಷ್ಟಪಟ್ಟು ಐವತ್ತೆಂಟು ತಗೊಳ್ತೀಯಾ?"

ಆಗ ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ರೀ, ನಿಮಗೆ ಅವಳ ಮಾರ್ಕ್ಸ್ ಕಾಣಿಸುತ್ತೆ, ನನಗೆ ಅವಳ ತಟ್ಟೆ ಕಾಣಿಸುತ್ತೆ. ನೂರು ಬರ್ತಿದ್ದಾಗ ಉಪವಾಸ ಹೋಗ್ತಿದ್ಲು. ಈಗ ಗಣಿತದ ಪರೀಕ್ಷೆ ದಿನಾನೂ ಎರಡನೇ ಸಲ ಹಾಕಿಸ್ಕೊಂಡು ತಿಂತಾಳೆ. ನಾಳೆ ಮಾತಾಡೋಕೆ ಮುಂಚೆ ಆ ಟೀಚರ್ ಏನು ಹೇಳ್ತಾರೆ ಅಂತ ಒಂದ್ಸಲ ಕೇಳಿ."

ಡ್ರೈವರ್ ಎದ್ದು ಯೂನಿಫಾರ್ಮ್ ಇಸ್ತ್ರಿ ಮಾಡತೊಡಗಿದರು. ಒಪ್ಪಿದರು ಎಂದಲ್ಲ, ನಾಳೆಗೆ ಮಾತು ಕೂಡಿಡುತ್ತಿದ್ದರು.

ಮರುದಿನ ಶಾಲೆಯ ಕೋಣೆ ಕಿಕ್ಕಿರಿದಿತ್ತು. ನನ್ನ ಮಗುವೂ ಅದೇ ಕ್ಲಾಸು, ಹಾಗಾಗಿ ನಾನೂ ಹೋಗಿದ್ದೆ. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮಡಚಿ ತುರುಕಿಕೊಂಡು ಕೂತಿದ್ದೆವು. ಮಕ್ಕಳು ಕಿಟಕಿಯ ಹೊರಗೆ. ಹೆಡ್‌ಮಿಸ್ "ಯಾರು ಮಾತಾಡ್ತೀರಿ?" ಎನ್ನುವುದರೊಳಗೆ ಕಿಟಕಿ ಪಕ್ಕದ ಬೆಂಚಿನಿಂದ ಡ್ರೈವರ್ ಎದ್ದೇಬಿಟ್ಟರು. ಯೂನಿಫಾರ್ಮಿನಲ್ಲೇ ಬಂದಿದ್ದರು, ಸಭೆ ಮುಗಿಸಿ ಡ್ಯೂಟಿಗೆ ಹೋಗಬೇಕಿತ್ತು.

"ಮೇಡಂ, ನನ್ನ ಮಗಳು ನೂರಕ್ಕೆ ನೂರು ತಗೊಳ್ತಿದ್ಲು. ನಮ್ಮ ಕಾಲದಲ್ಲಿ ಏಟು ತಿಂದು, ಉರು ಹೊಡೆದು ಕಲಿತ್ವಿ. ಇವತ್ತಿಗೂ ಒಂದಕ್ಷರ ಮರೆತಿಲ್ಲ. ಈಗ ನೋಡಿದ್ರೆ ಆಟ, ನಗು, ಪ್ರಶ್ನೆ. ನಮಗೆ ಹಳೇ ಪದ್ಧತೀನೇ ಬೇಕು."

ಹಿಂದಿನ ಬೆಂಚುಗಳಿಂದ "ಹೌದು ಹೌದು" ಕೇಳಿಬಂತು. ನಾನೂ ಒಂದು "ಹೌದು" ಸೇರಿಸಿದೆ, ಗುಂಪಿನಲ್ಲಿ ಇರಲಿ ಅಂತ.

ಹೊಸ ಟೀಚರ್ ಕೋಪ ಮಾಡಿಕೊಳ್ಳಲಿಲ್ಲ. "ಮರೆತಿಲ್ಲ ಅಂದ್ರಲ್ಲ, ಬಹಳ ಸಂತೋಷ. ಹಾಗಾದ್ರೆ ಒಂದು ಲೆಕ್ಕ ಕೇಳ್ಲಾ?" ಎಂದು ಬೋರ್ಡಿನ ಮೇಲೆ ಬರೆದರು: ಅರ್ಧವನ್ನು ಕಾಲಿನಿಂದ ಭಾಗಿಸಿ.

"ಎರಡು!" ಡ್ರೈವರ್ ಪಟ್ಟಂತ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

"ಸರಿಯಾಗಿದೆ. ಹೇಗೆ ಮಾಡಿದ್ರಿ?"

"ಎರಡನೇ ಸಂಖ್ಯೆನ ತಲೆಕೆಳಗು ಮಾಡಿ ಗುಣಿಸೋದು. ಕಾಲು ಅಂದ್ರೆ ಒಂದು ಬೈ ನಾಲ್ಕು, ತಿರುಗಿಸಿದ್ರೆ ನಾಲ್ಕು. ಅರ್ಧ ಇಂಟು ನಾಲ್ಕು, ಎರಡು."

"ತಲೆಕೆಳಗು ಯಾಕೆ ಮಾಡ್ಬೇಕು?"

"ಅಂದ್ರೆ?"

"ಸಂಖ್ಯೆ ಸುಮ್ನೆ ನಿಂತಿತ್ತು. ಅದನ್ನ ಹಿಡಿದು ತಲೆ ಕೆಳಗೆ ಕಾಲು ಮೇಲೆ ಮಾಡಿದ್ರಿ. ಯಾಕೆ? ಮತ್ತೆ, ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ? ಅರ್ಧ ಇದ್ದದ್ದು ಎರಡು ಹೇಗಾಯ್ತು?"

ಡ್ರೈವರ್ ತಲೆ ಕೆರೆದುಕೊಂಡರು. "ಮೇಷ್ಟ್ರು ಹೇಳಿದ್ರು, ಮಾಡ್ದೆ," ಎಂದರು ಕೊನೆಗೆ. ನಮ್ಮ ಬೀದಿಯ ಅಂಗಡಿಯವರು ಚಾವಣಿ ನೋಡಿದರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಫೋನ್ ನೋಡಿದರು. ನನಗೂ ಗೊತ್ತಿರಲಿಲ್ಲ.

ಕಿಟಕಿಯ ಹೊರಗೆ ಮಗ್ಗಿರಾಣಿ ಕುಣಿಯುತ್ತಿದ್ದಳು. "ಟೀಚರ್, ನಾನು ಕೇಳ್ಲಾ? ನಾನು ಕೇಳ್ಲಾ?" ಟೀಚರ್ ತಲೆಯಾಡಿಸಿದರು.

"ಅಪ್ಪಾ, ನಿನ್ನ ಬಸ್ಸಿಗೆ ಒಂದು ಟ್ರಿಪ್ಪಿಗೆ ಕಾಲು ಗಂಟೆ ಬೇಕು ಅಂದ್ಕೋ. ಅರ್ಧ ಗಂಟೇಲಿ ಎಷ್ಟು ಟ್ರಿಪ್ ಹೊಡೀತೀಯ?"

"ಎರಡು. ಇದೇನು ಮಹಾ?"

"ಅದೇ ಅಪ್ಪಾ!"

"ಯಾವುದದು?"

"ಬೋರ್ಡ್ ಮೇಲಿರೋದೂ ಅದೇ! ಅರ್ಧದಲ್ಲಿ ಕಾಲು ಎಷ್ಟು ಸಲ ಇದೆ ಅಂತ ಅದು ಕೇಳ್ತಿರೋದು!"

ಡ್ರೈವರ್ ಬೋರ್ಡ್ ನೋಡಿದರು, ಮಗಳನ್ನು ನೋಡಿದರು, ಮತ್ತೆ ಬೋರ್ಡ್ ನೋಡಿದರು. ತುಟಿ ಏನೋ ಗುಣುಗುಣಿಸುತ್ತಿತ್ತು. ಆಮೇಲೆ ಬೆಂಚಿಗೆ ದಡಕ್ಕೆಂದು ಗುದ್ದಿದರು.

"ತಡೀರಿ, ತಡೀರಿ! ಒಂದು ಗಂಟೇಲಿ ಕಾಲು ಗಂಟೆ ಟ್ರಿಪ್ ನಾಲ್ಕು. ಆ ನಾಲ್ಕು ಅಲ್ಲಿಂದ ಬಂತು! ಇರೋದು ಅರ್ಧ ಗಂಟೆ, ಅದಕ್ಕೆ ನಾಲ್ಕರಲ್ಲಿ ಅರ್ಧ. ಅದಕ್ಕೇ ತಲೆಕೆಳಗು! ಅದಕ್ಕೇ ಗುಣಿಸೋದು!" ಅವರ ದನಿ ಏರುತ್ತಲೇ ಇತ್ತು. "ಮುಕ್ಕಾಲು ಗಂಟೆ ಆದ್ರೆ ಮೂರು! ಎರಡು ಗಂಟೆ ಆದ್ರೆ ಎಂಟು! ಅಯ್ಯೋ, ಇಷ್ಟೇನಾ? ನಲವತ್ತು ವರ್ಷ ಆಯ್ತಲ್ರೀ, ಒಬ್ಬ ಮನುಷ್ಯನೂ ನನಗಿದನ್ನ ಹೇಳ್ಲಿಲ್ವಲ್ರೀ!"

ಐವತ್ತು ದಾಟಿದ ಗಂಡಸು, ದಾರಿಗೆ ಅಡ್ಡ ಬಂದವರನ್ನೆಲ್ಲ ಬೈಯುವ ಡ್ರೈವರ್, ಮಗುವಿನ ಹಾಗೆ ಅರಳಿ ನಿಂತಿದ್ದರು. ನನಗೆ ಕಣ್ಣು ತುಂಬಿಬಂತು. ಹಿಂದಿನ ಬೆಂಚಿನಲ್ಲಿ "ಹಾಗಾದ್ರೆ ಮೈನಸ್ಸಿಗೆ ಮೈನಸ್ ಪ್ಲಸ್ ಆಗೋದು ಯಾಕೆ?" ಎಂದು ಅಂಗಡಿಯವರು ಕೇಳುತ್ತಿದ್ದರು, ಬ್ಯಾಂಕಿನವರು ಫೋನ್ ಕೆಳಗಿಟ್ಟಿದ್ದರು.

ಗದ್ದಲ ತಗ್ಗಿದ ಮೇಲೆ ಟೀಚರ್ ಹೇಳಿದರು, "ಹಿಂದಿನ ಮೇಷ್ಟ್ರು ಕೆಟ್ಟವರಲ್ಲ. ಕೋಣೆ ತುಂಬ ಮಕ್ಕಳು, ಪುಸ್ತಕ ಮುಗಿಸೋ ಅವಸರ, ಮಾರ್ಕ್ಸ್ ಎಲ್ಲಿ ಅಂತ ಮನೆಯವರ ಒತ್ತಡ. ಅವರಿಗೂ ಯಾರೂ ಯಾಕೆ ಅಂತ ಹೇಳಿಕೊಟ್ಟಿರ್ಲಿಲ್ಲ. ನನಗೂ ಶಾಲೇಲಿ ಹೇಳಿಕೊಟ್ಟಿರ್ಲಿಲ್ಲ. ಅರ್ಥ ಆಗದೆ ಉರು ಹೊಡೆದದ್ದು ಅದೇ ಪ್ರಶ್ನೆ ಬಂದ್ರೆ ಮಾತ್ರ ಕೆಲಸಕ್ಕೆ ಬರುತ್ತೆ. ಪ್ರಶ್ನೆ ಸ್ವಲ್ಪ ಬದಲಾದ್ರೆ ಕೈ ಕೊಡುತ್ತೆ, ಮುಂದಿನ ಪಾಠ ಇನ್ನೂ ಕಷ್ಟ ಆಗುತ್ತೆ. ಆಗ ಮಗು, ನನಗೆ ತಲೆ ಇಲ್ಲ ಅಂದ್ಕೊಳ್ಳುತ್ತೆ."

"ಹಾಗಾದ್ರೆ ಮಗ್ಗಿ ಬೇಡ್ವಾ?" ಡ್ರೈವರಿಗೆ ಆ ಒಂದು ಅನುಮಾನ ಉಳಿದಿತ್ತು.

"ಬೇಕು, ಖಂಡಿತ ಬೇಕು. ಮಗ್ಗಿ ಗೊತ್ತಿದ್ರೆ ಲೆಕ್ಕ ಬೇಗ ಆಗುತ್ತೆ. ಯಾವ ಲೆಕ್ಕ ಮಾಡ್ಬೇಕು ಅನ್ನೋದನ್ನ ಮಗ್ಗಿ ಹೇಳಲ್ಲ. ನನಗೆ ಸ್ವಲ್ಪ ಸಮಯ ಕೊಡಿ. ಅಂಕ ಮತ್ತೆ ಏರುತ್ತೆ, ಈ ಸಲ ಅರ್ಥವಾಗಿ ಏರುತ್ತೆ."

ಹೆಡ್‌ಮಿಸ್ ಡ್ರೈವರ್ ಕಡೆ ತಿರುಗಿದರು. "ನಿಮ್ಮ ದೂರು ಏನಂತ ಬರ್ಕೊಳ್ಲಿ?"

"ಬರ್ಕೊಳ್ಳಿ ಮೇಡಂ," ಎಂದರು ಡ್ರೈವರ್. "ಈ ಟೀಚರ್ ನಮ್ಮ ಕಾಲದಲ್ಲಿ ಇರ್ಲಿಲ್ಲ, ಅದೇ ನನ್ನ ದೂರು. ಇವರೇ ಇರ್ಲಿ. ಇವರು ಹೋದ್ರೆ ನಾನು ಮತ್ತೆ ಬಂದು ಜಗಳ ಆಡ್ತೀನಿ."

ಕೋಣೆ ನಗೆಯಲ್ಲಿ ತೇಲಿತು. ಕಿಟಕಿಯಿಂದ ಒಂದು ಖುಷಿಯ ಕೂಗು ಕೇಳಿತು. ಮಗ್ಗಿರಾಣಿ ಸರಳುಗಳ ನಡುವೆ ಕೈ ತೂರಿಸಿ ಅಪ್ಪನ ಅಂಗಿ ಹಿಡಿದೆಳೆಯುತ್ತಿದ್ದಳು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಅಪ್ಪ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮಲ್ಲಿ ಒಂದು ಮಾತು. "ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ" ಎಂದು ಮಗುವಿನ ಎದುರು ತಮಾಷೆಗೂ ಹೇಳಬೇಡಿ, ಮಗು ಅದನ್ನು ನಂಬಿಬಿಡುತ್ತದೆ. ಎಷ್ಟು ಅಂಕ ಬಂತು ಎಂದು ಕೇಳುವ ಮುಂಚೆ, ಈ ಲೆಕ್ಕ ಹೇಗೆ ಮಾಡಿದೆ ಎಂದು ಕೇಳಿ. ಉತ್ತರ ತಪ್ಪಿದ್ದರೆ ಬೈಯಬೇಡಿ, ಯಾವ ದಾರಿಯಲ್ಲಿ ಹೋಗಿ ತಪ್ಪಿತು ಎಂದು ಕೂತು ಕೇಳಿಸಿಕೊಳ್ಳಿ. ಶಾಲೆಯ ಸಭೆಗೆ ಹೋಗಿ. ಯಾಕೆ ಎಂದು ಕೇಳಲು ಬಿಡುವ ಟೀಚರ್ ಇದ್ದರೆ ಅವರ ಬೆನ್ನಿಗೆ ನಿಲ್ಲಿ, ಇಲ್ಲದಿದ್ದರೆ ಅಂಥ ಪಾಠ ಬೇಕೆಂದು ಕೇಳಿ.

ಇಂದು ಸಂಜೆ ನಿಮ್ಮ ಮಗು ಲೆಕ್ಕದ ಪುಸ್ತಕ ಹಿಡಿದು ಬಂದು "ಇದು ಯಾಕೆ ಹೀಗೆ?" ಎಂದು ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಗದರಿಸುವುದಂತೂ ಬೇಡವೇ ಬೇಡ. "ನನಗೂ ಗೊತ್ತಿಲ್ಲ ಕಂದಾ, ಬಾ ನೋಡೋಣ" ಎನ್ನಿ. ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಳ್ಳಿ.